ಕೆಮ್ಮನ್ನು ಅಡಗಿಸಬೇಡಿ

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವು 1985ರಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ದೇವಸುಗೂರಿನ ಭಕ್ತರಿಗೆ ಬೂದಿಯ ಚಿಂತೆ ತಪ್ಪಿಲ್ಲ. ಹಾರುಬೂದಿ ಅಂಗಳದಲ್ಲಿ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಅದರ ಮಾತೇ ಹೆಚ್ಚು. ಆ ಬೂದಿಯನ್ನು ಸಾಗಿಸುವ ಟ್ಯಾಂಕರುಗಳೂ ಹೈದರಾಬಾದ್ ರಸ್ತೆಯ ಲಾರಿಗಳೂ ಉಗುಳುವ ಡೀಸೆಲ್ ಮಸಿಯ ಮಾತನ್ನು ಆಡುವವರು ವಿರಳ.

ದೊಡ್ಡ ಕಣಗಳನ್ನು ಮೂಗೇ ತಡೆಯುತ್ತದೆ. ಸಣ್ಣವು ಶ್ವಾಸನಾಳದ ಲೋಳೆಗೆ ಅಂಟಿಕೊಳ್ಳುತ್ತವೆ. ನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಹಗಲಿರುಳೆನ್ನದೆ ಗಂಟಲಿನತ್ತ ತಳ್ಳುತ್ತಿರುತ್ತವೆ. ಆರೋಗ್ಯವಂತರಲ್ಲಿ ಅಲ್ಲಿ ಕುಳಿತ ಧೂಳಿನ ಬಹುಭಾಗವು ಒಂದೆರಡು ದಿನಗಳಲ್ಲಿ ಮೇಲೇರುತ್ತದೆ. ಅರಿವಿಲ್ಲದೆ ನುಂಗುತ್ತೇವೆ, ಇಲ್ಲವೆ ಕೆಮ್ಮಿ ಉಗುಳುತ್ತೇವೆ. ಡೀಸೆಲ್ ಮಸಿಯ ಕಣವಾದರೋ ಕೂದಲೆಳೆಯ ದಪ್ಪದ ನೂರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು. ಅದು ಗಾಳಿಗೂಡುಗಳವರೆಗೂ ಇಳಿಯುತ್ತದೆ. ಅಲ್ಲಿ ರೋಮಗಳಿಲ್ಲ, ಭಕ್ಷಕ ಕೋಶಗಳಿವೆ. ಅವು ಮಸಿಯನ್ನು ನುಂಗುತ್ತವೆಯಾದರೂ ಇಂಗಾಲವನ್ನು ಅರಗಿಸಿಕೊಳ್ಳಲಾರವು, ಹೊತ್ತುಕೊಂಡು ನಿಧಾನವಾಗಿ ಸಾಗುತ್ತವೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಒಂದಷ್ಟು ಮಸಿ ಜೀವಮಾನವಿಡೀ ಉಳಿದುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿರುವುದು ಸುಮ್ಮನಲ್ಲ.

ಈ ಮಸಿಯನ್ನು ಏಳು ದಿನದ ಕಷಾಯದಿಂದ ತೊಳೆದುಬಿಡುತ್ತೇವೆಂದು ಮಾರುವವರಿದ್ದಾರೆ. ಆಯುರ್ವೇದವನ್ನೇ ನಂಬಿ ಬದುಕಿದ ನಾವು ಹೇಳುತ್ತೇವೆ: ಅದು ಸುಳ್ಳು. ಕುಡಿದ ಕಷಾಯ ಜಠರಕ್ಕೆ ಹೋಗುತ್ತದೆಯೇ ಹೊರತು ಗಾಳಿಗೂಡಿಗಲ್ಲ. ಆಡುಸೋಗೆ, ಜ್ಯೇಷ್ಠಮಧುಗಳು ಕಫವನ್ನು ಸಡಿಲಿಸಲು ನೆರವಾಗುತ್ತವೆ, ಅಷ್ಟೇ. ಕಷಾಯವಿದೆಯೆಂದು ವೈದ್ಯರು ಕೊಟ್ಟ ಇನ್ಹೇಲರನ್ನು ಬಿಟ್ಟು, ಏದುಸಿರು ಬಿಡುತ್ತ ಬರುವವರನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ವಾಗ್ಭಟಾಚಾರ್ಯರು ತಡೆಯಬಾರದ ಹದಿಮೂರು ವೇಗಗಳಲ್ಲಿ ಸೀನನ್ನೂ ಕೆಮ್ಮನ್ನೂ ಎಣಿಸಿದ್ದಾರೆ. ಕಫ ಬರುವ ಕೆಮ್ಮು ಶ್ವಾಸಕೋಶದ ಕಸಬರಿಗೆ. ಲಾರಿ ಚಾಲಕರು ಅದನ್ನು ಸಿರಪ್ಪಿನಿಂದ ಅಡಗಿಸಿ, ಬೆಳಗಾಗುತ್ತಲೇ ಬೀಡಿ ಹಚ್ಚುತ್ತಾರೆ. ಬೀಡಿಯ ಹೊಗೆಯು ಆ ರೋಮಗಳನ್ನೇ ಜಡಗೊಳಿಸುತ್ತದೆ. ಕಸ ಹೆಚ್ಚಿದ ಮನೆಯಲ್ಲಿ ಗುಡಿಸುವವರ ಕೈ ಕಟ್ಟಿದಂತೆ! ಬೀಡಿ ಬಿಟ್ಟ ಕೆಲವು ವಾರ, ತಿಂಗಳುಗಳಲ್ಲಿ ರೋಮಗಳು ಚೇತರಿಸಿಕೊಳ್ಳುತ್ತವೆ. ಮೊದಮೊದಲು ಕೆಮ್ಮು ಹೆಚ್ಚಾದೀತು. ಹೆದರಿ ಮತ್ತೆ ಹಚ್ಚಬಾರದು.

ಸೂಗೂರೇಶ್ವರನ ದರ್ಶನಕ್ಕೆ ವಾಹನದಲ್ಲಿ ಬರುವ ಸದ್ಭಕ್ತರು ನಿಲ್ಲಿಸಿದ ಕೂಡಲೇ ಇಂಜಿನ್ ಆರಿಸಬೇಕೆಂದು ಕೋರುತ್ತೇವೆ. ಮೂಗಿಗೆ ಕಟ್ಟುವ ಟವೆಲ್ಲು ಧೂಳನ್ನು ತಡೆದೀತು, ಈ ಮಸಿಯನ್ನಲ್ಲ; ರಸ್ತೆಯಲ್ಲಿ ದುಡಿಯುವವರಿಗೆ ಎನ್-95 ಮಾಸ್ಕೇ ಬೇಕು. ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಮಸಿಯ ಮೇಲೆ ಭಾರ ಹಾಕಿ ಕೂರದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿರಿ. ಕ್ಷಯದ ಪರೀಕ್ಷೆ ಅಲ್ಲಿ ಉಚಿತ.