ಅಂತರಜಾಲದ ಬೀಗದ ಕೈ ಯಾರ ಬಳಿ?

2020ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ನಿಯಮಗಳನ್ನು ರೂಪಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅನುಮತಿಯಿಲ್ಲದೆ ಆರಂಭವಾದ ಯೋಜನೆಗಳಿಗೆ ತರುವಾಯ ಅನುಮತಿ ನೀಡುವ, ಅಹವಾಲು ಸಲ್ಲಿಸುವ ಅವಧಿಯನ್ನು 30 ದಿನಗಳಿಂದ 20ಕ್ಕೆ ಇಳಿಸುವ ಕರಡು ಅದು. ದೇಶ ಲಾಕ್‌ಡೌನ್‌ನಲ್ಲಿತ್ತು, ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರವಿತ್ತು. ಕೊಡಗಿನ ಒಳಗ್ರಾಮದ ರೈತನು ಅದನ್ನು ಓದಬೇಕಾದರೆ ಮೊದಲು ಸಿಗ್ನಲ್ ಸಿಗುವ ದಿಣ್ಣೆ ಹತ್ತಬೇಕು, ಅನಂತರ ಪರಭಾಷೆಯ ಕಾನೂನನ್ನು ಬಿಡಿಸಿಕೊಳ್ಳಬೇಕು. ಇದನ್ನು ಅಭಿಪ್ರಾಯ ಸಂಗ್ರಹವೆನ್ನಬಹುದೆ?

ಕರಡನ್ನು ಓದಬಲ್ಲ ಯುವಜನರು ಸಚಿವರಿಗೆ ಮಿಂಚಂಚೆಗಳನ್ನು ಕಳುಹಿಸಿದರು. ಅದಕ್ಕೆ ದೊರೆತ ಉತ್ತರವೇನು? ಆ ಜುಲೈಯಲ್ಲಿ ದೆಹಲಿ ಪೊಲೀಸರು ‘ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ’ ಜಾಲತಾಣವನ್ನು ತಡೆಯುವಂತೆ ನೋಟೀಸು ಕಳುಹಿಸಿದರು. ಅದರಲ್ಲಿ ಭಯೋತ್ಪಾದನೆಯ ವಿರುದ್ಧ ಬಳಸುವ ಯುಎಪಿಎ ಕಾಯ್ದೆಯ ಉಲ್ಲೇಖವಿತ್ತು! ಬಳಿಕ ಆ ನೋಟೀಸನ್ನು ಹಿಂಪಡೆಯಲಾಯಿತು. ಆದರೆ ತಾಣವಂತೂ ಕೆಲಕಾಲ ಮುಚ್ಚಿತ್ತು.

ಕರಡನ್ನು ಎಲ್ಲ ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಜೂನ್ 30ರಂದೇ ಹೇಳಿತ್ತು. ಆಗಸ್ಟ್ 5ರಂದು ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ನೀಡಿತು. ಅದೇ ವಾರ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆ ಮಣ್ಣಿನಡಿಯಾಯಿತು. ಗುಡ್ಡದ ಅಳಿವು ಉಳಿವಿನ ಕಾನೂನಿನ ಬಗ್ಗೆ ಗುಡ್ಡದ ಜನರಿಗೇ ಮಾತಿಲ್ಲವೆಂಬುದು ಎಂಥ ನ್ಯಾಯ?

ಅಂಕೆಯಿಲ್ಲದ ಅಂತರಜಾಲವನ್ನು ಯಾರೂ ಬೇಡುತ್ತಿಲ್ಲ. ವಂಚನೆಗೆ, ನಿಂದನೆಗೆ, ಸುಳ್ಳು ಸುದ್ದಿಗೆ ಕಡಿವಾಣ ಬೇಕು. ಆದರೆ ಕಡಿವಾಣ ಹಿಡಿದವನಿಗೂ ಉತ್ತರದಾಯಿತ್ವವಿರಬೇಕು. ಜಾಲತಾಣ ತಡೆಯುವ 2009ರ ನಿಯಮಗಳಲ್ಲಿ 16ನೆಯದು ದೂರನ್ನೂ ಕ್ರಮವನ್ನೂ ಗೋಪ್ಯವಾಗಿಡುತ್ತದೆ. ಬರಹಗಳನ್ನು ತೆಗೆಸಲು ಅಧಿಕಾರಿಗಳು ಬಳಸುವ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಕಂಪನಿಯು ನ್ಯಾಯಾಲಯದ ಮೆಟ್ಟಿಲೇರಬಲ್ಲದು. ಕಾರಣವೇ ತಿಳಿಯದ ಹಳ್ಳಿಯ ಸಂಘಟನೆ ಎಲ್ಲಿಗೆ ಹೋಗಬೇಕು?

ಆದ್ದರಿಂದ ಬೇಡಿಕೆಗಳು ಸ್ಪಷ್ಟ. ತಾಣವನ್ನು ಮುಚ್ಚುವ ಪ್ರತಿ ಆದೇಶಕ್ಕೂ ಲಿಖಿತ ಕಾರಣವಿರಲಿ, ಅದು ಬಾಧಿತರ ಕೈ ಸೇರಲಿ, ಅವರ ಮಾತನ್ನು ಕೇಳುವ ಸ್ವತಂತ್ರ ಪೀಠವಿರಲಿ. ಕರಡು ಕಾನೂನುಗಳು ಕನ್ನಡದಲ್ಲಿ ಮುದ್ರಿತವಾಗಿ ಗ್ರಾಮ ಪಂಚಾಯಿತಿಗೆ ಬರಲಿ. ಗ್ರಾಮಸಭೆಯ ನಿರ್ಣಯಕ್ಕೆ ಮಿಂಚಂಚೆಯಷ್ಟೇ ಬೆಲೆಯಿರಲಿ. ವಿದ್ಯಾರ್ಥಿಗಳು ಕರಡುಗಳನ್ನು ಓದಿ ಊರಿಗೆ ವಿವರಿಸಲಿ. ಜನರನ್ನು ಕೇಳದೆ ಮಾಡಿದ ನಿಯಮ ಆಜ್ಞೆಯಾದೀತು, ನ್ಯಾಯವಾಗದು.