ಕುರಿಯ ಔಷಧಿ ನಮಗ್ಯಾಕ ನಡ್ಯಂಗಿಲ್ಲ?

ಶಹಾಪುರ, ಸುರಪುರ ಕಡೆ ಕುರಿ ಸಾಕುವ ಮನೆಗಳಿಗೆ ಐವರ್‌ಮೆಕ್ಟಿನ್ ಹೊಸದಲ್ಲ. ಹೆಸರು ಬಾಯಿಗೆ ಬರದಿದ್ದರೂ, ಹುಳಕ್ಕೆ, ತುರಿಗೆ ಹಾಕಿಸುವ ಔಷಧಿ ಅಂದ್ರೆ ಗೊತ್ತಾಗುತ್ತೆ. ಮೈತುಂಬ ಕಜ್ಜಿಯಾಗಿದ್ದ ನಮ್ಮ ಕಾಕಾ ಒಮ್ಮೆ ಫೋನಿನಲ್ಲಿ ಕೇಳಿದ್ರು: "ತಮ್ಮಾ, ಕುರಿಗಿ ನಡೀತದ, ನನಗ್ಯಾಕ ನಡ್ಯಂಗಿಲ್ಲ?"

ಕೇಳಬೇಕಾದ ಪ್ರಶ್ನೆಯೇ. ಇದೇ ಔಷಧಿ ಮನುಷ್ಯರ ಕಜ್ಜಿಗೂ ಮಾತ್ರೆಯಾಗಿ ಸಿಗುತ್ತೆ. ಇದರ ಮೂಲ ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು. ಹುಳದ ನರಗಳನ್ನು ಇದು ಸ್ತಬ್ಧ ಮಾಡುತ್ತೆ. ನಮ್ಮ ಮಿದುಳಿಗೆ ಯಾಕೆ ಏನೂ ಆಗಲ್ಲ? ಅಲ್ಲಿ ಕಾವಲಿದೆ.

ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಔಷಧಿ ಆ ಕೋಶಗಳೊಳಗೂ ನುಸುಳುತ್ತೆ. ಆಗ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪ್ ಶಕ್ತಿ ಖರ್ಚು ಮಾಡಿ ಅದನ್ನು ವಾಪಸ್ ರಕ್ತಕ್ಕೇ ತಳ್ಳುತ್ತೆ. 1976ರಲ್ಲಿ ಕೆನಡಾದಲ್ಲಿ ಇದನ್ನು ಗುರುತಿಸಿದ್ದು ಔಷಧಿಗೆ ಬಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ.

ಅದರ ಬೆಲೆ ಗೊತ್ತಾಗಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಈ ಪಂಪ್‌ನ ಜೀನ್ ತೆಗೆದ ಇಲಿಗಳನ್ನು ಅಲ್ಲಿ ಸಾಕಿದ್ರು. ಮೈಮೇಲಿನ ನುಸಿ ಹೋಗಲಿ ಅಂತ ಮಾಮೂಲಿಯಾಗಿ ಐವರ್‌ಮೆಕ್ಟಿನ್ ಸಿಂಪಡಿಸಿದಾಗ, ಪಂಪ್ ಇಲ್ಲದ ಇಲಿಗಳು ಸತ್ತವು, ಉಳಿದವು ಆರಾಮಾಗಿದ್ದವು. 1994ರಲ್ಲಿ ಪ್ರಕಟವಾದ ಲೆಕ್ಕದಂತೆ, ಪಂಪ್ ಇಲ್ಲದ ಇಲಿಗಳ ಮಿದುಳಿನಲ್ಲಿ ಔಷಧಿ ಸುಮಾರು 90 ಪಟ್ಟು ಹೆಚ್ಚಿತ್ತು.

ಈಗ ಹೊಸ ಔಷಧಿಗಳನ್ನು ಇಂಥ ಜೀವಕೋಶ ಬೆಳೆಸಿಯೇ ಪರೀಕ್ಷಿಸುತ್ತಾರೆ. ಸಣ್ಣ ರಂಧ್ರಗಳ ಪೊರೆ ಮೇಲೆ ಜೀವಕೋಶಗಳ ಒಂದೇ ಪದರ, ಮೇಲೊಂದು ದ್ರವ, ಕೆಳಗೊಂದು ದ್ರವ. ಔಷಧಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವ ವೇಗ ಎರಡು ಪಟ್ಟು ಅಥವಾ ಹೆಚ್ಚಿದ್ದರೆ ಪಂಪ್ ಮೇಲೆ ಅನುಮಾನ. ಆಮೇಲೆ ವೆರಪಾಮಿಲ್‌ನಂಥದ್ದು ಹಾಕಿ ಪಂಪ್ ತಡೆದು ನೋಡ್ತಾರೆ. ವ್ಯತ್ಯಾಸ ಇಳಿದರೆ ಕೆಲಸ ಪಂಪ್‌ನದೇ. ಕೋಡ್‌ನಲ್ಲಿ ಒಂದು ಫಂಕ್ಷನ್ ಆಫ್ ಮಾಡಿ ಬಗ್ ಹುಡುಕಿದ ಹಾಗೇ.

ಗಮನಿಸಿ, ವೆರಪಾಮಿಲ್ ಬಿಪಿ ಮಾತ್ರೆಯೂ ಹೌದು. ಜೊತೆಗೆ ಪಂಪ್‌ಗೂ ಒಂದು ಮಿತಿ ಇದೆ. ಮನುಷ್ಯರ ಡೋಸ್ ಕೆಜಿಗೆ ಸುಮಾರು 200 ಮೈಕ್ರೋಗ್ರಾಂ, ತೂಕ ನೋಡಿ ಕೊಡುವಂಥದ್ದು. ಅಂದಾಜಿನ ಮೇಲೆ ಕುರಿ ಔಷಧಿ ತಗೊಂಡು ಡೋಸ್ ಮೀರಿದ್ರೆ ತಲೆಸುತ್ತು, ಗೊಂದಲ, ಫಿಟ್ಸ್, ಕೋಮಾವರೆಗೂ ಹೋಗಬಹುದು.

ಹಾಗಾಗಿ ಊರಲ್ಲಿ ಯಾರಾದ್ರೂ ಕೇಳಿದ್ರೆ ಹೇಳಿ: ಔಷಧಿ ಒಂದೇ, ಬಾಟಲಿ ಬೇರೆ. ಡಾಕ್ಟರಿಗೆ ತೋರಿಸಿ, ಈಗ ತಗೊಳ್ತಿರೋ ಮಾತ್ರೆಗಳನ್ನೆಲ್ಲ ಹೇಳಿ. ಮನೆಯವರೆಲ್ಲ ಒಟ್ಟಿಗೇ ಚಿಕಿತ್ಸೆ ಮಾಡಿಸಿಕೊಳ್ಳಿ, ಇಲ್ಲಾಂದ್ರೆ ಕಜ್ಜಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತೆ.