ಹಾರ್ಡ್ ಡಿಸ್ಕ್ ನಮ್ಮದು, ಬೀಗದ ಕೈ ನಮ್ಮದಲ್ಲ

1/6
ಮೊದಲನೇ ಫೋಟೋದಲ್ಲಿ ಇರೋದು 1 ಟಿಬಿ ಹಾರ್ಡ್ ಡಿಸ್ಕ್. ಅದರೊಳಗೆ ನಮ್ಮಜ್ಜಿ ಹಾಡ್ತಾ ಇದ್ದಾರೆ. ಆದ್ರೆ ಕೇಳೋಕಾಗಲ್ಲ.

ನಮ್ಮೂರಿನ ಐದು ಜನ ಹೆಂಗಸರ ಸೋಬಾನೆ ಪದ ಒಂದ್ಸಲ ದೂರದರ್ಶನ ಚಂದನದಲ್ಲಿ ಬಂದಿತ್ತು. ಅಪ್ಪ ಡಿಶ್ ಬಾಕ್ಸಿನ ಹಿಂದೆ ಈ ಹಾರ್ಡ್ ಡಿಸ್ಕ್ ಸಿಕ್ಕಿಸಿ ರೆಕಾರ್ಡ್ ಮಾಡಿಟ್ರು. ಆಮೇಲೆ ಮನೆಗೆ ನೆಂಟರು ಬಂದ್ರೆ ಕಾಫಿಗಿಂತ ಮೊದಲು ಅಜ್ಜಿ ಪದ! "ನನ್ ಪದ ಹಾಕು ಮಗ" ಅಂತ ಅವರೇ ನೆನಪಿಸೋರು.

2/6
ಹೋದ ಮೇ ತಿಂಗಳ ಗುಡುಗು ಮಳೆಗೆ ಬಾಕ್ಸ್ ಸುಟ್ಟೋಯ್ತು. ಡಿಶ್ ಅಣ್ಣ ಬಂದು ಹೊಸದು ಹಾಕಿದ್ರು. ಅದೇ ಕಂಪನಿ, ಅದೇ ಅಕೌಂಟ್, ಅದೇ ರೀಚಾರ್ಜ್. ಹಾರ್ಡ್ ಡಿಸ್ಕ್ ಸಿಕ್ಕಿಸಿದ್ರೆ ಮಾತ್ರ ಹೊಸ ಬಾಕ್ಸ್ ಕೇಳಿದ್ದು ಒಂದೇ ಮಾತು: ಫಾರ್ಮ್ಯಾಟ್ ಮಾಡ್ಲಾ? ಲ್ಯಾಪ್‌ಟಾಪಿಗೆ ಹಾಕಿದೆ, ಅಲ್ಲೂ ಅದೇ ಪ್ರಶ್ನೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, "ಹಳೇ ಬಾಕ್ಸಿನ ರೆಕಾರ್ಡಿಂಗ್ ಹೊಸದರಲ್ಲಿ ಬರಲ್ಲ ಸರ್." ಅಷ್ಟೇ. ಮುಗೀತು.

3/6
ಯಾಕೆ ಹೀಗೆ ಅಂತ ಗೊತ್ತಿರಲಿ. ದುಡ್ಡು ಕಟ್ಟಿ ನೋಡೋ ಡಿಟಿಎಚ್ ಬಾಕ್ಸ್‌ಗಳು ರೆಕಾರ್ಡಿಂಗನ್ನ ಸಾಮಾನ್ಯವಾಗಿ ಬೀಗ ಹಾಕಿ, ಅಂದ್ರೆ ಎನ್‌ಕ್ರಿಪ್ಟ್ ಮಾಡಿ ಬರೀತವೆ. ಕೀಲಿ ಇರೋದು ಆ ಬಾಕ್ಸಿನ ಹತ್ರ. ಬಾಕ್ಸ್ ಸತ್ರೆ ಕೀಲಿನೂ ಹೋಯ್ತು. ಎಷ್ಟೋ ಬಾಕ್ಸ್‌ಗಳು ವಿಂಡೋಸ್‌ಗೆ ಅರ್ಥವಾಗದ ರೀತಿಯಲ್ಲಿ ಡಿಸ್ಕನ್ನ ಫಾರ್ಮ್ಯಾಟ್ ಮಾಡ್ಕೊಳ್ಳೋದ್ರಿಂದ, ಲ್ಯಾಪ್‌ಟಾಪ್‌ಗೆ ತುಂಬಿದ ಡಿಸ್ಕೂ ಖಾಲಿ ಡಿಸ್ಕಿನ ಥರಾನೇ ಕಾಣುತ್ತೆ.

ತಮಾಷೆ ನೋಡಿ: ಚಂದನ ಪುಕ್ಕಟೆ ಚಾನೆಲ್. ಡಿಡಿ ಫ್ರೀ ಡಿಶ್‌ಗೆ ಹಾಕೋ ಮಾಮೂಲಿ ಬಾಕ್ಸ್‌ಗಳಲ್ಲಿ ಎಷ್ಟೋ ಬಾಕ್ಸ್‌ಗಳು ರೆಕಾರ್ಡಿಂಗಿಗೆ ಬೀಗ ಹಾಕಲ್ಲ, ಆ ಫೈಲು ಲ್ಯಾಪ್‌ಟಾಪಲ್ಲಿ ವಿಎಲ್‌ಸಿಯಲ್ಲಿ ಓಡುತ್ತೆ. ತಿಂಗಳು ತಿಂಗಳು ದುಡ್ಡು ಕಟ್ಟಿದ ನಮಗೇ ಬೀಗ!

4/6
"ಪೈರಸಿ ತಡೆಯೋಕೆ ಬೀಗ ಬೇಕಲ್ವಾ?" ಅಂತೀರಾ. ಬೇಕು, ಒಪ್ಪಿದೆ. ಹೊಸ ಸಿನಿಮಾ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕೋರನ್ನ ನಾನು ಸಪೋರ್ಟ್ ಮಾಡ್ತಿಲ್ಲ. ಆದ್ರೆ ಮನೇಲಿ ಕೂತು ಆಮೇಲೆ ನೋಡೋಕೆ ರೆಕಾರ್ಡ್ ಮಾಡೋದು ಕಳ್ಳತನ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಸೋನಿಯ ಬೀಟಾಮ್ಯಾಕ್ಸ್ ಕೇಸಲ್ಲಿ ಹಾಗೆ ಹೇಳಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕೂಡ ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ಮಟ್ಟದಲ್ಲಿ ಜಾಗ ಬಿಟ್ಟಿದೆ.

ನಾನು ಕೇಳೋದು ಬೀಗ ಒಡೀರಿ ಅಂತಲ್ಲ. ಕೀಲಿಯನ್ನ ಬಾಕ್ಸಿಗೆ ಕಟ್ಟಬೇಡಿ, ಗ್ರಾಹಕನ ಅಕೌಂಟಿಗೆ ಕಟ್ಟಿ. ಬಾಕ್ಸ್ ಬದಲಾದ್ರೂ ನನ್ನ ಬಾಕಿ ಹಣ ಹೊಸ ಬಾಕ್ಸಿಗೆ ಬರುತ್ತಲ್ವಾ? ಅಜ್ಜಿ ಪದ ಯಾಕೆ ಬರಬಾರದು? ಅದೂ ಆಗಲ್ಲ ಅಂದ್ರೆ, ಡಬ್ಬಿ ಮೇಲೆ ಕನ್ನಡದಲ್ಲಿ ಒಂದು ಸಾಲು ಪ್ರಿಂಟ್ ಮಾಡಿ: ಈ ಬಾಕ್ಸ್ ಹೋದರೆ ರೆಕಾರ್ಡಿಂಗೂ ಹೋಗುತ್ತದೆ. ನಮ್ಮಪ್ಪ ಅದನ್ನ ಓದಿದ್ರೆ ಅವತ್ತೇ ಬೇರೆ ದಾರಿ ಹುಡುಕ್ತಿದ್ರು.

5/6
ಇನ್ನು ನಿಮ್ಮ ಕೆಲಸ.

• ಫ್ಯಾಮಿಲಿ ಫೋಟೋ ಇರೋ ಹಾರ್ಡ್ ಡಿಸ್ಕನ್ನ ಬಾಕ್ಸಿಗೆ ಹಾಕ್ಲೇಬೇಡಿ. ಬಾಕ್ಸ್ ಕೇಳಿದಾಗ ಫಾರ್ಮ್ಯಾಟ್‌ಗೆ ಓಕೆ ಒತ್ತಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಟಿವಿಗೇ ಅಂತ ಬೇರೆ ಡಿಸ್ಕ್ ಇಟ್ಕೊಳ್ಳಿ.
• ದೊಡ್ಡದು ಬೇಕಿಲ್ಲ. ಎಚ್‌ಡಿ ಚಾನೆಲ್‌ಗೆ ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕ ಹಿಡಿದ್ರೆ ಗಂಟೆಗೆ 3.6 ಜಿಬಿ. 1 ಟಿಬಿಯಲ್ಲಿ ಸುಮಾರು 275 ಗಂಟೆ ಹಿಡಿಯುತ್ತೆ.
• ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತು ಹೋಗ್ತಿದ್ಯಾ? ಕರೆಂಟ್ ಸಾಲ್ತಾ ಇಲ್ದೇ ಇರಬಹುದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್ ಅಷ್ಟೇ. ಸ್ವಂತ ಅಡಾಪ್ಟರ್ ಇರೋ ಡಿಸ್ಕ್ ಹಾಕಿ ನೋಡಿ.
• ರೆಕಾರ್ಡ್ ಆಗ್ತಿರುವಾಗ ಕೇಬಲ್ ಕೀಳಬೇಡಿ.
• ಎಲ್ಲಕ್ಕಿಂತ ಮುಖ್ಯ: ನಿಮ್ಮ ಮನೆಯವರು ಯಾರಾದ್ರೂ ಟಿವಿಯಲ್ಲಿ ಬಂದಿದ್ರೆ, ಬಾಕ್ಸ್ ಬದುಕಿರುವಾಗಲೇ ಅದನ್ನ ಪ್ಲೇ ಮಾಡಿ ಫೋನಲ್ಲಿ ಶೂಟ್ ಮಾಡಿ. ಲೈಟ್ ಆರಿಸಿ, ಫೋನನ್ನ ಅಡ್ಡ ಇಟ್ಟು ಸ್ಟೀಲ್ ಡಬ್ಬಿಗೆ ಒರಗಿಸಿ. ಚೆನ್ನಾಗಿ ಬರಲ್ಲ. ಪರವಾಗಿಲ್ಲ, ಅದು ನಿಮ್ಮ ಹತ್ರ ಉಳಿಯುತ್ತೆ.

6/6
ಕೊನೇ ಫೋಟೋ ಹೋದ ಭಾನುವಾರದ್ದು. ಅಜ್ಜಿನ ಜಗಲಿ ಮೇಲೆ ಕೂರಿಸಿ, "ಅದೇ ಪದ ಹಾಡಜ್ಜಿ, ಫೋನಲ್ಲಿ ಹಿಡ್ಕೋತೀನಿ" ಅಂದೆ. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ರು. ಸೋಬಾನೆ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳೋ ಹಾಡು. ಹೇಳಿಕೊಡ್ತಿದ್ದ ಅಜ್ಜಿ ತೀರ್ಕೊಂಡು ಎರಡು ವರ್ಷ ಆಯ್ತು. "ಅವಳು ಎತ್ತಿಕೊಡ್ದೆ ನಂಗೆ ಮುಂದುಕ್ಕೆ ಬರಾಕಿಲ್ಲ ಮಗ" ಅಂದ್ರು.

ಆ ಅಜ್ಜಿ ದನಿನೂ ಇದೇ ಡಿಸ್ಕಲ್ಲಿದೆ. ಅದಕ್ಕೇ ನಾನಿನ್ನೂ ಫಾರ್ಮ್ಯಾಟ್ ಒತ್ತಿಲ್ಲ. ಸುಟ್ಟ ಬಾಕ್ಸನ್ನೂ ಎಸೆದಿಲ್ಲ, ಎರಡೂ ಬೀರುವಲ್ಲಿ ಒಟ್ಟಿಗಿವೆ.

ಇವತ್ತು ರಾತ್ರಿ ಮನೆಗೆ ಹೋದ್ಮೇಲೆ ನಿಮ್ಮ ಬಾಕ್ಸಿನ ರೆಕಾರ್ಡಿಂಗ್ ಲಿಸ್ಟ್ ಒಂದ್ಸಲ ತೆಗೆದು ನೋಡಿ. ಯಾರಿದ್ದಾರೆ ಅದರಲ್ಲಿ? ಕಾಮೆಂಟಲ್ಲಿ ಹೇಳಿ.

#ಅಜ್ಜಿಪದ #ಡಿಶ್‌ಬಾಕ್ಸ್ #ಹಾರ್ಡ್‌ಡಿಸ್ಕ್ #ಕನ್ನಡದಲ್ಲಿಟೆಕ್